ಅಳತೆಯಲ್ಲಿ ಸೇರಿಕೊಳ್ಳುವ ಅವಮಾನ

ಬಿಸಿನೀರಿನ ಉಷ್ಣತೆಯನ್ನು ತಿಳಿಯಲು ನಾವು ಅದರೊಳಗೆ ಉಷ್ಣಮಾಪಕವನ್ನು ಇಳಿಬಿಡುತ್ತೇವೆ. ತಣ್ಣಗಿದ್ದ ಮಾಪಕವು ನೀರಿನಿಂದ ತುಸು ಶಾಖವನ್ನು ಹೀರಿಕೊಳ್ಳುತ್ತದೆ. ಆದುದರಿಂದ ನಾವು ಓದುವ ಅಂಕಿಯು ನೀರಿನ ಮೊದಲಿನ ಉಷ್ಣತೆಗಿಂತ ಸ್ವಲ್ಪ ಕಡಿಮೆಯಾಗಿರುತ್ತದೆ. ಅಳೆಯುವ ಕ್ರಿಯೆಯೇ ಅಳೆಯಲ್ಪಡುವ ವಸ್ತುವನ್ನು ಬದಲಿಸಿತು! ತರುಣರ ಬುದ್ಧಿಶಕ್ತಿಯನ್ನು ಪರೀಕ್ಷೆಯಿಂದ ಅಳೆಯುವಾಗಲೂ ಇಂತಹ ದೋಷವು ನುಸುಳಬಹುದೆ?

ಕರಿಯರು ಬುದ್ಧಿಯಲ್ಲಿ ಹಿಂದು ಎಂಬ ಅಪವಾದವು ಅಮೆರಿಕದಲ್ಲಿ ಬಹುಕಾಲದಿಂದ ಬೇರೂರಿದುದು. ಅಲ್ಲಿನ ಕ್ಲಾಡ್ ಸ್ಟೀಲ್ ಮತ್ತು ಜೋಶುವ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕರಿಯ ಮತ್ತು ಬಿಳಿಯ ವಿದ್ಯಾರ್ಥಿಗಳಿಗೆ ಕಠಿಣವಾದ ಭಾಷಾಪ್ರಶ್ನೆಗಳನ್ನು ಕೊಟ್ಟು, ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಿದರು. ‘ಇದು ನಿಮ್ಮ ಸಾಮರ್ಥ್ಯದ ಪರೀಕ್ಷೆ’ ಎಂದು ಹೇಳಿದಾಗ, ಹಿಂದಿನ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಕರಿಯ ವಿದ್ಯಾರ್ಥಿಗಳು ಹಿಂದೆ ಬಿದ್ದರು. ಅದೇ ಪ್ರಶ್ನೆಗಳನ್ನು ಸಾಮರ್ಥ್ಯದ ಮಾತೆತ್ತದೆ ಕೊಟ್ಟಾಗ, ಹಿಂದಿನ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ ಅವರು ಬಿಳಿಯರಿಗೆ ಸರಿಸಮನಾಗಿ ನಿಂತರು.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಜನಾಂಗಭೇದದಂತೆಯೇ ಜಾತಿಭೇದವೂ ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ಮತ್ತು ಏಳನೆಯ ತರಗತಿಗಳ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳಲ್ಲಿ ದಾರಿ ಹುಡುಕುವ ಕೆಲಸವನ್ನು ಒಪ್ಪಿಸಿದರು. ಜಾತಿಯ ಪ್ರಸ್ತಾಪವಿಲ್ಲದಾಗ ಮೇಲುಜಾತಿ, ಕೆಳಜಾತಿ ಎನಿಸಿಕೊಂಡ ಹುಡುಗರ ನಡುವೆ ಗಣನೀಯ ಅಂತರವೇನೂ ಕಾಣಲಿಲ್ಲ. ಹೆಸರಿನೊಡನೆ ಜಾತಿಯನ್ನೂ ಎಲ್ಲರೆದುರು ಕೂಗಿ ಹೇಳಿದಾಗ, ಕೆಳಜಾತಿಯ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಅದೇ ಹಳ್ಳಿಗಳ ಮಕ್ಕಳು, ಅದೇ ಕೆಲಸ. ಬದಲಾದುದು ಒಂದು ಘೋಷಣೆ ಮಾತ್ರ.

ಹೀಗಾಗಲು ಕಾರಣವೇನು? ಲೆಕ್ಕ ಮಾಡುವಾಗ ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಗೆ ಒಂದು ಮಿತಿಯುಂಟು. ಅದೊಂದು ಚಿಕ್ಕ ಹಲಗೆಯಿದ್ದಂತೆ. ‘ನಾನು ತಪ್ಪಿದರೆ ನನ್ನವರೆಲ್ಲರಿಗೂ ಹೆಸರು ಕೆಡುತ್ತದೆ’ ಎಂಬ ಅಳುಕು ಆ ಹಲಗೆಯ ಒಂದು ಭಾಗವನ್ನು ಆಕ್ರಮಿಸಿದರೆ, ಲೆಕ್ಕಕ್ಕೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಜೊತೆಗೆ, ಎಷ್ಟು ಚೆನ್ನಾಗಿ ಮಾಡಿದರೂ ತನಗೆ ನ್ಯಾಯ ದೊರೆಯದೆಂಬ ಶಂಕೆಯು ಉತ್ಸಾಹವನ್ನೂ ಕುಗ್ಗಿಸಬಲ್ಲುದು. ಪರರ ಕಣ್ಣಿನಲ್ಲಿ ತನ್ನನ್ನು ಕಂಡುಕೊಳ್ಳುವ ಹದಿಹರೆಯದಲ್ಲಿ ಇಂತಹ ಪೆಟ್ಟು ಆಳಕ್ಕೆ ಇಳಿಯುತ್ತದೆ.

ಇಂತಹ ಪರಿಣಾಮವು ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಮೆರಿಕದ ಪ್ರಯೋಗವನ್ನು ಅನುಸರಿಸಿ ನಡೆದ ಹಲವು ದೊಡ್ಡ ಪ್ರಯೋಗಗಳಲ್ಲಿ ಅದು ಮೊದಲು ಕಂಡುದಕ್ಕಿಂತ ಅಲ್ಪವಾಗಿತ್ತು. ಅಂಕಗಳ ಅಂತರಕ್ಕೆ ಬಡತನ, ಒಳ್ಳೆಯ ಶಾಲೆಗಳ ಅಭಾವ ಮೊದಲಾದ ಬೇರೆ ಕಾರಣಗಳೂ ಉಂಟು. ಆದರೂ ಒಂದು ಮಾತು ಸ್ಪಷ್ಟ. ಅವಮಾನದ ನಡುವೆ ತೆಗೆದ ಅಳತೆಯಲ್ಲಿ ಅವಮಾನವೂ ಸೇರಿರಬಹುದು. ಮಾಪಕವು ಶಾಖ ಹೀರಿದರೆ ನಾವು ನೀರನ್ನು ದೂರುವುದಿಲ್ಲ, ಅಳತೆಯನ್ನು ತಿದ್ದುತ್ತೇವೆ. ತರಗತಿಯಲ್ಲಿ ಎಲ್ಲರೆದುರು ಜಾತಿಯನ್ನು ಹೇಳಿಸುವ ರೂಢಿ ಎಲ್ಲಿಯೇ ಇರಲಿ, ಅದನ್ನು ನಿಲ್ಲಿಸುವುದೇ ಆ ತಿದ್ದುಪಡಿಯ ಮೊದಲ ಹೆಜ್ಜೆ.