ಟ್ಯೂನರ್‌ಗೆ ಒಂದು ತಂತಿ, ಕಿವಿಗೆ ಐದು

ಹೊಸ ಗಿಟಾರ್ ಮನೆಗೆ ಬಂದ ದಿನವೇ ಮೊಬೈಲಿಗೆ ಟ್ಯೂನರ್ ಆ್ಯಪ್ ಕೂಡ ಬಂದುಬಿಡುತ್ತದೆ. ತಂತಿ ಮೀಟಿ, ಬಿರಡೆ ತಿರುಗಿಸಿ, ಮುಳ್ಳು ನಡುವಿಗೆ ಬಂದು ಹಸಿರು ಹತ್ತಿದರೆ ಶ್ರುತಿ ಸೇರಿತೆಂದು ಲೆಕ್ಕ. ಇಷ್ಟರಲ್ಲಿ ಕಣ್ಣಿಗೆ, ಬೆರಳಿಗೆ ಕೆಲಸ ಸಿಕ್ಕಿತೇ ಹೊರತು ಕಿವಿಗೆ ಏನೂ ಸಿಗಲಿಲ್ಲ. ಕಾರ್ಡ್ ಹಿಡಿಯಲು ಬೆರಳು ಬಗ್ಗುವುದಕ್ಕೂ ಮೊದಲೇ ಕಲಿಯಬಹುದಾದ ಸಂಗೀತಪಾಠವೊಂದು ಹೀಗೆ ದಿನವೂ ಕೈತಪ್ಪುತ್ತದೆ. ಆದ್ದರಿಂದ ಹೊಸಬರು ಟ್ಯೂನರನ್ನು ಒಂದೇ ತಂತಿಗೆ ಬಳಸಿ, ಉಳಿದ ಐದನ್ನು ಕೇಳಿಯೇ ಸೇರಿಸಬೇಕು ಎನ್ನುವುದು ನನ್ನ ಪಕ್ಷ.

ಆ ಒಂದು ತಂತಿ ಐದನೆಯದು, ಎ. ಜಗತ್ತಿನ ವಾದ್ಯಗಳು ಹೆಚ್ಚಾಗಿ ಒಪ್ಪಿಕೊಂಡಿರುವ, 1955ರಲ್ಲಿ ಐಎಸ್ಒ ಶಿಫಾರಸು ಮಾಡಿದ ಅಳತೆಗೋಲು ಸೆಕೆಂಡಿಗೆ 440 ಕಂಪನಗಳ ಎ ಸ್ವರ. ಗಿಟಾರಿನ ಐದನೇ ತಂತಿ ಸರಿಯಾಗಿ ಅದರ ಕಾಲು ಭಾಗ, 110. ಈ ತಂತಿಯನ್ನು ಐದನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ ಬರುವುದು ಡಿ, ಅಂದರೆ ನಾಲ್ಕನೇ ತಂತಿ ಬಿಡಿಯಾಗಿ ನುಡಿಯಬೇಕಾದ ಸ್ವರ. ಎರಡನ್ನೂ ಒಟ್ಟಿಗೆ ಮೀಟಿ ಸುಮ್ಮನೆ ಕೇಳಬೇಕು. ಒಂದು ಸುಮಾರು 147 ಸಲ, ಇನ್ನೊಂದು 145 ಸಲ ಕಂಪಿಸುತ್ತಿದ್ದರೆ ನಾದ ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುತ್ತದೆ, ವೋಂ-ವೋಂ ಎಂದು. ಬಿರಡೆಯನ್ನು ಕೂದಲೆಳೆಯಷ್ಟು ಬಿಗಿಗೊಳಿಸಿದರೆ ಆ ಓಲಾಟ ನಿಧಾನವಾಗುತ್ತದೆ, ಇನ್ನಷ್ಟು ಬಿಗಿಗೊಳಿಸಿದರೆ ನಿಂತೇ ಹೋಗುತ್ತದೆ. ದಾಟಿ ಹೋದರೆ ಮತ್ತೆ ಶುರು. ಆಗ ತಂತಿಯನ್ನು ಬೇಕಾದದ್ದಕ್ಕಿಂತ ಕೆಳಕ್ಕೆ ಇಳಿಸಿ, ಮತ್ತೆ ಏರಿಸುತ್ತಲೇ ಸೇರಿಸಬೇಕು; ಇಳಿಸುತ್ತ ನಿಲ್ಲಿಸಿದ ತಂತಿ ಬಿರಡೆಯ ಹಲ್ಲಿನ ಸಡಿಲದಿಂದಾಗಿ ಆಮೇಲೆ ಜಾರುತ್ತದೆ. ಹೀಗೆಯೇ ನಾಲ್ಕರಿಂದ ಮೂರು, ಎರಡರಿಂದ ಒಂದು. ಮೂರರಿಂದ ಎರಡಕ್ಕೆ ಮಾತ್ರ ಒತ್ತಬೇಕಾದದ್ದು ನಾಲ್ಕನೇ ಫ್ರೆಟ್. ದಪ್ಪನೆಯ ಆರನೇ ತಂತಿಯನ್ನು ಅದರ ಐದನೇ ಫ್ರೆಟ್‌ನಲ್ಲಿ ಒತ್ತಿ ಐದನೆಯದಕ್ಕೆ ಹೊಂದಿಸಿದರೆ ಕೆಲಸ ಮುಗಿಯಿತು.

ಯಂತ್ರದಷ್ಟು ಕರಾರುವಾಕ್ಕಾಗಿ ಕಿವಿ ಕೇಳೀತೇ, ಅದೂ ಪಳಗದ ಕಿವಿ? ನ್ಯಾಯವಾದ ಆಕ್ಷೇಪ. ಆದರೆ ಇಲ್ಲಿ ಕಿವಿ ಸ್ವರವನ್ನು ಗುರುತಿಸಬೇಕಾಗಿಲ್ಲ, ಓಲಾಟವಿದೆಯೋ ಇಲ್ಲವೋ ಎಂದಷ್ಟೇ ಹೇಳಿದರೆ ಸಾಕು. ಅದಕ್ಕೆ ಸಂಗೀತ ಬಲ್ಲವರೇ ಆಗಬೇಕಿಲ್ಲ. ಇನ್ನು ಯಂತ್ರವನ್ನು ನೆಚ್ಚಿದವರೂ ಎಡವುತ್ತಾರೆ. ಹಲವು ಟ್ಯೂನರ್‌ಗಳು ಹತ್ತಿರದ ಸ್ವರದ ಅಕ್ಷರವನ್ನಷ್ಟೇ ತೋರಿಸುತ್ತವೆ. ಮೇಲಿನ ಸ್ಥಾಯಿಯೋ ಕೆಳಗಿನದೋ ಹೇಳುವುದಿಲ್ಲ. ಇ ಬರಲೆಂದು ತಿರುಗಿಸುತ್ತಲೇ ಹೋಗಿ ಮೊದಲ ತಂತಿ ಫಟ್ಟನೆ ಕಡಿಯುವುದು ಇಂಥ ಕಡೆಯೇ. ಜೋರಾಗಿ ಮೀಟಿದ ಕ್ಷಣ ಸ್ವರ ತುಸು ಏರಿ ಆಮೇಲೆ ನೆಲೆಗೊಳ್ಳುತ್ತದೆ. ಆ ಜಿಗಿತವನ್ನು ಬೆನ್ನಟ್ಟಿದವರಿಗೆ ಮುಳ್ಳು ಎಂದೂ ನಿಲ್ಲುವುದಿಲ್ಲ.

ತಂತಿಯಿಂದ ತಂತಿಗೆ ತಪ್ಪು ಬೆಳೆಯುತ್ತ ಹೋಗುತ್ತದೆ ಎನ್ನುವ ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದುದು. ಹೌದು, ಬೆಳೆಯುತ್ತದೆ. ಅದಕ್ಕೆ ಎಲ್ಲವನ್ನೂ ಐದನೇ ತಂತಿಗೇ ತಾಳೆ ನೋಡಬಹುದು: ಅದರ ಹತ್ತನೇ ಫ್ರೆಟ್ ಮೂರನೇ ತಂತಿಯ ಜಿ, ಹದಿನಾಲ್ಕನೆಯದು ಎರಡನೇ ತಂತಿಯ ಬಿ. ಫ್ರೆಟ್ ಒತ್ತುವಾಗ ಬೆರಳು ಹಗುರವಿರಲಿ, ಬಿಗಿಯಾಗಿ ಒತ್ತಿದರೆ ಸ್ವರವೇ ಏರುತ್ತದೆ.

ನಮ್ಮವರಿಗೆ ವಿಶೇಷವಾಗಿ ಎದುರಾಗುವ ಗೊಂದಲ ಬೇರೆಯೇ ಇದೆ. ತಂಬೂರಿಯ ಮಂದ್ರ ಷಡ್ಜದೊಳಗಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರವನ್ನು ಕೇಳಿ ಬೆಳೆದ ಕಿವಿಗೆ ಗಿಟಾರಿನ ಇ ಮೇಜರ್ ಕಾರ್ಡಿನ ಗಾಂಧಾರ ಯಾಕೋ ಚುಚ್ಚುತ್ತದೆ. ಚುಚ್ಚಲೇಬೇಕು. ಫ್ರೆಟ್‌ಗಳು ಸ್ಥಾಯಿಯನ್ನು 12 ಸಮಪಾಲು ಮಾಡಿರುವುದರಿಂದ ಆ ಸ್ವರ ಸಹಜ ಗಾಂಧಾರಕ್ಕಿಂತ, ಅರ್ಧಸ್ವರವನ್ನು ನೂರು ಪಾಲು ಮಾಡಿದರೆ, ಸುಮಾರು 14 ಪಾಲು ಮೇಲಿದೆ. ಇದನ್ನು ಸಿಹಿ ಮಾಡಲೆಂದು ಮೂರನೇ ತಂತಿಯನ್ನು ಇಳಿಸಿದವರು ಜಿ ಕಾರ್ಡ್ ಬಾರಿಸಿದೊಡನೆ ಪೆಚ್ಚಾಗುತ್ತಾರೆ. ಹಾಗಾದರೆ ಕಿವಿಯನ್ನು ನಂಬುವುದು ಹೇಗೆ ಎಂದರೆ, ಕಿವಿ ಸುಳ್ಳು ಹೇಳಿಲ್ಲ, ವಾದ್ಯದ ರಾಜಿಯನ್ನು ಪತ್ತೆ ಹಚ್ಚಿದೆ. ಶ್ರುತಿ ಸೇರಿಸುವಾಗ ಕಾರ್ಡಿನ ಸಿಹಿಯನ್ನು ಅರಸದೆ ಒಂದೇ ಸ್ವರದ ಎರಡು ತಂತಿಗಳನ್ನಷ್ಟೇ ಹೋಲಿಸಬೇಕು. ಅಲ್ಲಿ ಈ ತಕರಾರು ಏಳುವುದೇ ಇಲ್ಲ.

ಗದ್ದಲದ ವೇದಿಕೆಯಲ್ಲಿ ಟ್ಯೂನರ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಮಾತ್ರ ಅದನ್ನು ಕೊನೆಗಿಡಿ: ಕಿವಿಯಿಂದ ಸೇರಿಸಿ ಮುಗಿಸಿದ ಮೇಲೆ ಒಂದೊಂದೇ ತಂತಿ ಮೀಟಿ, ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ನೋಡಿ. ಎರಡನೇ ತಂತಿಯನ್ನು ಮೊದಲು ನೋಡಿದರೆ ಒಳ್ಳೆಯದು. ನಾಲ್ಕನೇ ಫ್ರೆಟ್ ಮರೆತು ಅಲ್ಲೂ ಐದನೆಯದನ್ನೇ ಒತ್ತಿದ್ದರೆ, ಅದು ಬಿ ಬದಲು ಸಿ ತೋರಿಸುತ್ತದೆ.