ಹೆಡ್ಡಿನಲ್ಲಿ ಮುರಿದುಳಿದ ಸ್ಟಡ್ಡು

ಮೂಡಿಗೆರೆಯ ಕಡೆ ಮಳೆ ಹಿಡಿತಕ್ಕೆ ಬಂದು, ಕಾಫಿ ಹಣ್ಣಿಗೆ ಬಣ್ಣ ತಿರುಗುವ ಹೊತ್ತಿಗೆ ಗ್ಯಾರೇಜುಗಳಿಗೆ ಒಂದು ಬಗೆಯ ರೋಗಿಗಳು ಬರತೊಡಗುತ್ತವೆ. ಬೈಕು ಓಡುತ್ತದೆ, ಸದ್ದು ಮಾತ್ರ ಪಟಾಕಿಯಂತೆ. ಸೈಲೆನ್ಸರಿನ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಹೊಗೆ ಸೋರುತ್ತಿರುತ್ತದೆ. ಬಿಚ್ಚಿ ಹೊಸ ವಾಷರು ಹಾಕೋಣವೆಂದು ಸ್ಪ್ಯಾನರು ಹಿಡಿದರೆ ನಟ್ಟು ಜಗ್ಗುವುದಿಲ್ಲ. ಇನ್ನಷ್ಟು ಬಲ ಹಾಕಿದಿರೋ, ಟಕ್ಕೆಂದು ನಟ್ಟು ಕೈಗೆ ಬರುತ್ತದೆ, ಜೊತೆಗೆ ಸ್ಟಡ್ಡಿನ ಅರ್ಧವೂ. ಉಳಿದರ್ಧ ಎಂಜಿನ್ನಿನ ಹೆಡ್ಡಿನೊಳಗೆ. ಸ್ಟಡ್ಡಿನ ಬೆಲೆ ಅಲ್ಪ. ಹೆಡ್ಡಿನದು ಸಾವಿರಗಳ ಲೆಕ್ಕ. ಬಸ್ಸಿನ ದಾರಿಯಿಂದ ದೂರವಿರುವ ಒಂಟಿಮನೆಯವರಿಗಂತೂ ಬೈಕು ನಿಂತರೆ ಸಂತೆ, ಶಾಲೆ, ಆಸ್ಪತ್ರೆ ಎಲ್ಲವೂ ನಿಂತಂತೆಯೇ.

ಸ್ಟಡ್ಡು ಎಂದರೆ ತಲೆಯಿಲ್ಲದ ಬೋಲ್ಟು. ಅದರ ಎರಡು ತುದಿಗೂ ತಿರುಪು, ಅಂದರೆ ಗ್ಯಾರೇಜಿನವರು ಹೇಳುವ ಥ್ರೆಡ್ಡು, ಇರುತ್ತದೆ. ಒಂದು ತುದಿ ಹೆಡ್ಡಿನಲ್ಲಿ ಕಾಯಮ್ಮಾಗಿ ಕೂತಿರುತ್ತದೆ, ಇನ್ನೊಂದಕ್ಕೆ ನಟ್ಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾದಲ್ಲಿ ಈ ಏರ್ಪಾಡೇ ಬೇರೆ. ಅಲ್ಲಿ ರೆಕ್ಕೆಗಳುಳ್ಳ ಒಂದು ದೊಡ್ಡ ನಟ್ಟು ಕೊಳವೆಯನ್ನು ಸಿಲಿಂಡರಿಗೆ ಬಿಗಿಯುತ್ತಿತ್ತು. ಅದಕ್ಕೆ ಕೊಕ್ಕೆಯ ಸ್ಪ್ಯಾನರು ಬೇಕು. ಉಳಿ-ಸುತ್ತಿಗೆಯಿಂದ ಬಡಿದು ರೆಕ್ಕೆ ಮುರಿದವರೇ ಹೆಚ್ಚು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಬೆಟ್ಟ ಹತ್ತುವ ಬೈಕುಗಳಲ್ಲಿ ಬಹುಪಾಲಿಗೆ 6 ಅಥವಾ 8 ಮಿಲಿಮೀಟರಿನ ಎರಡು ಸ್ಟಡ್ಡುಗಳೇ ಆಧಾರ.

ಅಂಟಿಕೊಳ್ಳುವುದೇಕೆ? ತುಕ್ಕು ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು; ವಿಷಯ ಅಷ್ಟೇ ಅಲ್ಲ. ನಟ್ಟಿಗೂ ಸ್ಟಡ್ಡಿಗೂ ನಡುವೆ ತುಕ್ಕು, ಸರಿ. ಆದರೆ ಸ್ಟಡ್ಡು ಉಕ್ಕು, ಹೆಡ್ಡು ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ನೀರಿನಲ್ಲಿ ನೆನೆದರೆ ಅದೊಂದು ಪುಟ್ಟ ಬ್ಯಾಟರಿ ಆಗುತ್ತದೆ. ನೀರಿಗೆ ಉಪ್ಪಿನಂಶ ಬೆರೆತರೆ ಕೆಲಸ ಇನ್ನೂ ಚುರುಕು. ಗೊಬ್ಬರದ ಮೂಟೆ ಹೊರುವ ಬೈಕಿಗೆ ಅದರ ಕೊರತೆಯಿಲ್ಲ! ಈ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದದ್ದು ಬಿಳಿಯ ಪುಡಿಯಾಗಿ, ಮೊದಲಿಗಿಂತ ಹೆಚ್ಚು ಜಾಗ ಬೇಡಿ, ತಿರುಪಿನ ಸಂದಿಯಲ್ಲಿ ಬೆಣೆ ಹೊಡೆದಂತೆ ಕೂರುತ್ತದೆ.

ಇದನ್ನು ಬಿಡಿಸಲು ಮೊದಲ ಔಷಧ ತಾಳ್ಮೆ. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು, ಸ್ಟಡ್ಡಿನ ತುದಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ರಾತ್ರಿಯೆಲ್ಲ ಬಿಡಬೇಕು. ಬೆಳಿಗ್ಗೆ ಮತ್ತೊಮ್ಮೆ. ಸ್ಟಡ್ಡು ಹೊರಗೆ ಉದ್ದವಾಗಿ ಉಳಿದಿದ್ದರೆ ಅದರ ಮೇಲೆ ಎರಡು ನಟ್ಟುಗಳನ್ನು ಹಾಕಿ ಒಂದಕ್ಕೊಂದು ಬಿಗಿದು, ಒಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಬೇಕು. ಒಂದೇ ದಿಕ್ಕಿಗೆ ಎಳೆಯಬಾರದು. ಕೂದಲೆಳೆಯಷ್ಟು ಬಿಚ್ಚಿ, ಅಷ್ಟೇ ಬಿಗಿದು, ಮತ್ತೆ ಬಿಚ್ಚಿ, ಹೀಗೆ ಪುಡಿ ನುರಿಯಬೇಕು.

ಇದಕ್ಕೂ ಬಗ್ಗದಿದ್ದರೆ ಶಾಖ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 8 ಮಿಲಿಮೀಟರಿನ ಸ್ಟಡ್ಡನ್ನೂ ಅದರ ಸುತ್ತಲನ್ನೂ 100 ಡಿಗ್ರಿ ಹೆಚ್ಚು ಕಾಯಿಸಿದರೆ ರಂಧ್ರವು ಸ್ಟಡ್ಡಿಗಿಂತ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು ಹೆಚ್ಚು ಅಗಲವಾಗುತ್ತದೆ. ಹಲವು ವೇಳೆ ಅಷ್ಟೇ ಸಾಕು. ಆದ್ದರಿಂದ ಕಾಯಿಸಬೇಕಾದದ್ದು ಸ್ಟಡ್ಡನ್ನಲ್ಲ, ಅದರ ಸುತ್ತಲಿನ ಹೆಡ್ಡನ್ನು. ಪೆಟ್ರೋಲ್ ಟ್ಯಾಂಕನ್ನು ಮೊದಲೇ ಬಿಚ್ಚಿ ದೂರ ಇಟ್ಟಿರಬೇಕು, ಎಣ್ಣೆ ಒರೆಸಿರಬೇಕು. ಒಂದು ಹನಿ ನೀರು ದೋಸೆ ಕಾವಲಿಯ ಮೇಲೆ ಬಿದ್ದಂತೆ ಚುರ್ ಎಂದರೆ ಕಾವು ಸಾಕು. ಕೆಂಪಗಾಗಲೆಂದು ಕಾಯುತ್ತ ಕೂರಬಾರದು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ನೇರ ಕರಗಿ ಕುಸಿಯುತ್ತದೆ.

ತುಂಡು ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಅನುಭವಿಯಾದ ವೆಲ್ಡಿಂಗಿನವರು ಅದರ ಮೇಲೊಂದು ನಟ್ಟಿಟ್ಟು ಒಳಗಿನಿಂದ ಬೆಸೆದು ತಿರುಗಿಸುತ್ತಾರೆ. ಬೆಸುಗೆಯ ಕಾವೂ ಅಂಟನ್ನು ಸಡಿಲಿಸುತ್ತದೆ. ಆಗ ಬ್ಯಾಟರಿಯ ತಂತಿ ಬಿಚ್ಚಿರುವುದು ಅವಶ್ಯ. ನನಗೆ ಕೇಳಿದರೆ, ಡ್ರಿಲ್ಲಿಗಿಂತ ಇದೇ ಮೇಲು. ಡ್ರಿಲ್ಲಿನ ತೊಂದರೆ ಏನೆಂದರೆ, ಗಟ್ಟಿ ಉಕ್ಕಿನ ಪಕ್ಕದಲ್ಲೇ ಮೃದು ಅಲ್ಯೂಮಿನಿಯಂ ಇರುವುದರಿಂದ ಮೊನೆ ಮೃದುವಾದ ಕಡೆಗೇ ಜಾರುತ್ತದೆ. ನಟ್ಟನಡುವೆ ಪಂಚಿನ ಗುರುತು ಬೀಳದೆ ಅದನ್ನು ಮುಟ್ಟಲೇಬಾರದು. ಕೊರೆದ ತೂತಿಗೆ ಎಡತಿರುಪಿನ ಎಕ್ಸ್‌ಟ್ರಾಕ್ಟರ್ ಹಾಕಿ ಎಳೆಯುವ ಕ್ರಮವೂ ಉಂಟು. ಆದರೆ 6 ಮಿಲಿಮೀಟರಿನ ಸ್ಟಡ್ಡಿಗೆ ಹಿಡಿಸುವ ಎಕ್ಸ್‌ಟ್ರಾಕ್ಟರ್ ತೀರ ಸಣ್ಣದು. ಗಾಜಿನಂತೆ ಪೆಡಸಾದ ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು. ಗಡಿಯಾರದವರು ಹಿತ್ತಾಳೆಯಲ್ಲಿ ಸಿಕ್ಕಿಬಿದ್ದ ಉಕ್ಕಿನ ಚೂರನ್ನು ಪಟಿಕದ ಬಿಸಿನೀರಿನಲ್ಲಿಟ್ಟು ಕರಗಿಸುತ್ತಾರೆ. ಹೆಡ್ಡನ್ನು ಪೂರ್ತಿ ಬಿಚ್ಚಿ ತೆಗೆದಿದ್ದರೆ ಆ ಉಪಾಯ ಇಲ್ಲಿಯೂ ನಡೆದೀತು, ನಿಧಾನವಾಗಿ. ತಿರುಪು ಹಾಳಾದ ರಂಧ್ರವನ್ನು ಲೇತಿನ ಅಂಗಡಿಯಲ್ಲಿ ಕೊಂಚ ಹಿಗ್ಗಿಸಿ, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿದರೆ ಹಳೆಯ ಅಳತೆಯ ಸ್ಟಡ್ಡೇ ಹಿಡಿಯುತ್ತದೆ.

ಹೊಸ ಸ್ಟಡ್ಡಿಗೆ ತಾಮ್ರದ ಪುಡಿ ಬೆರೆತ ಗ್ರೀಸು ತೆಳ್ಳಗೆ ಸವರಬೇಕು. ನಟ್ಟು ಹಿತ್ತಾಳೆಯದಾದರೆ ಮುಂದಿನ ಸಲ ಬಿಚ್ಚಲು ಸುಲಭ. ಸೈಲೆನ್ಸರಿನ ಹಿಂದಿನ ಬೋಲ್ಟನ್ನು ಸಡಿಲವಾಗಿಯೇ ಬಿಟ್ಟು, ಮುಂದಿನ ಎರಡು ನಟ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಹಿಂದಿನದನ್ನು ಬಿಗಿಯಬೇಕು. ಆ ಹಿಂದಿನ ಹಿಡಿತ ಮುರಿದೇ ಓಡಾಡಿದರೆ ತೋಟದ ದಾರಿಯ ಒಂದೊಂದು ಗುಂಡಿಯ ಪೆಟ್ಟೂ ಬೀಳುವುದು ಮುಂದಿನ ಈ ಎರಡು ಸ್ಟಡ್ಡುಗಳ ಮೇಲೆಯೇ.