ಅಂತರ್ಜಾಲದ ಕಾಲದಲ್ಲಿ ಶಾರ್ಟ್‌ವೇವ್ ರೇಡಿಯೋ ಇನ್ನೂ ಬೇಕೇ?

ಮೊಬೈಲ್ ಫೋನಿನಲ್ಲಿ ಒಂದು ಆ್ಯಪ್ ತೆರೆದರೆ ಸಾಕು, ಪ್ರಪಂಚದ ಸಾವಿರಾರು ರೇಡಿಯೋ ಕೇಂದ್ರಗಳು ಯಾವ ಗೊರಗೊರ ಸದ್ದೂ ಇಲ್ಲದೆ ಕೇಳಿಸುತ್ತವೆ. ಹೀಗಿರುವಾಗ ಮುಳ್ಳು ತಿರುಗಿಸಿ, ಏರಿಯಲ್ ಎತ್ತಿ, ಕಿವಿಗೊಟ್ಟು ಕೇಳಬೇಕಾದ ಶಾರ್ಟ್‌ವೇವ್ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ಆದರೆ ಅಂತರ್ಜಾಲ ಕೈಕೊಟ್ಟಾಗ ಈ ಪ್ರಶ್ನೆಗೆ ಬೇರೆಯೇ ಉತ್ತರ ಸಿಗುತ್ತದೆ.

ದೂರದ ಮಾತೇಕೆ? 2019ರ ಆಗಸ್ಟ್ 5ರಂದು ಜಮ್ಮು-ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾದಾಗ ಅಲ್ಲಿ ಫೋನ್ ಮತ್ತು ಅಂತರ್ಜಾಲ ಎರಡೂ ಬಂದ್ ಆದವು. ಅದೇ ತಿಂಗಳು ಬಿಬಿಸಿ ತನ್ನ ಹಿಂದಿ ಶಾರ್ಟ್‌ವೇವ್ ಪ್ರಸಾರವನ್ನು ಅರ್ಧ ಗಂಟೆ ಹೆಚ್ಚಿಸಿತು, ದಿನಕ್ಕೆ ಹದಿನೈದು ನಿಮಿಷದ ಉರ್ದು ಸುದ್ದಿಯನ್ನೂ ಆರಂಭಿಸಿತು. ವಿಚಿತ್ರವೆಂದರೆ ಆರು ತಿಂಗಳು ತುಂಬುವ ಮೊದಲೇ, 2020ರ ಜನವರಿ 31ರಂದು, ದಶಕಗಳ ಇತಿಹಾಸವಿದ್ದ ಬಿಬಿಸಿ ಹಿಂದಿ ಶಾರ್ಟ್‌ವೇವ್ ಪ್ರಸಾರವೇ ನಿಂತುಹೋಯಿತು. ಕೇಳುಗರೆಲ್ಲ ಡಿಜಿಟಲ್ ಕಡೆಗೆ ಹೋಗುತ್ತಿದ್ದಾರೆ ಎಂಬುದು ಕೊಟ್ಟ ಕಾರಣ.

2022ರ ಮಾರ್ಚ್‌ನಲ್ಲಿ, ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಕೆಲವೇ ದಿನಗಳಲ್ಲಿ, ಅದೇ ಬಿಬಿಸಿ ಉಕ್ರೇನ್ ಮತ್ತು ರಷ್ಯಾದ ಕೆಲ ಭಾಗಗಳಿಗೆ ದಿನಕ್ಕೆ ನಾಲ್ಕು ಗಂಟೆ ಇಂಗ್ಲಿಷ್ ಸುದ್ದಿಯನ್ನು ಎರಡು ಹೊಸ ಶಾರ್ಟ್‌ವೇವ್ ತರಂಗಾಂತರಗಳಲ್ಲಿ ಕೊಡತೊಡಗಿತು. 2023ರಲ್ಲಿ ಸುಡಾನ್ ಯುದ್ಧ ಶುರುವಾದಾಗ ಅರೇಬಿಕ್ ಭಾಷೆಯಲ್ಲೂ ಹೀಗೆಯೇ ಮಾಡಿತು. ಹಳೆಯದೆಂದು ಅಟ್ಟಕ್ಕೆ ಹಾಕಿದ್ದನ್ನು ಕಷ್ಟಕಾಲದಲ್ಲಿ ಕೆಳಗಿಳಿಸಿದ ಹಾಗೆ.

ಇದಕ್ಕೆ ಕಾರಣ ಶಾರ್ಟ್‌ವೇವ್‌ನ ಸ್ವಭಾವದಲ್ಲೇ ಇದೆ. ಎಫ್‌ಎಂ ತರಂಗಗಳು ನೇರವಾಗಿ ಸಾಗುತ್ತವೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ಮಂಗಳೂರು ಆಕಾಶವಾಣಿಯ ಬ್ರಹ್ಮಾವರದ ಮೀಡಿಯಂ ವೇವ್ ತರಂಗಗಳು ಹಗಲಿನಲ್ಲಿ ನೆಲವನ್ನು ಹಿಡಿದುಕೊಂಡು ಹರಿಯುವಂಥವು. 3ರಿಂದ 30 ಮೆಗಾಹರ್ಟ್ಸ್ ನಡುವಿನ ಶಾರ್ಟ್‌ವೇವ್ ಹಾಗಲ್ಲ. ಆಕಾಶದಲ್ಲಿ ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ವಾಯುಪದರವೊಂದಿದೆ. ತರಂಗ ಅಲ್ಲಿಗೆ ಹೋಗಿ ಬಾಗಿ ಸಾವಿರಾರು ಕಿಲೋಮೀಟರ್ ಆಚೆ ನೆಲಕ್ಕಿಳಿಯುತ್ತದೆ. ನೆಲ ಅಥವಾ ಸಮುದ್ರ ಮತ್ತೆ ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಹೀಗೆ ಎರಡು ಮೂರು ನೆಗೆತದಲ್ಲಿ ಖಂಡ ದಾಟುತ್ತದೆ. ನಡುವೆ ಉಪಗ್ರಹ ಬೇಡ, ಟವರ್ ಬೇಡ, ಕೇಬಲ್ ಬೇಡ. ಯಾವ ದೇಶದಲ್ಲಿ ಕೇಳುತ್ತಾರೋ ಆ ದೇಶದವರ ಕೈಯಲ್ಲಿ ಇದರ ಸ್ವಿಚ್ ಇರುವುದಿಲ್ಲ. ಬೇಕಿದ್ದರೆ ಅದೇ ತರಂಗಾಂತರದಲ್ಲಿ ಗದ್ದಲ ಬಿಟ್ಟು ಕೆಡಿಸಬಹುದು, ಹಾಗೆ ಮಾಡಿದವರೂ ಇದ್ದಾರೆ. ಆದರೆ ಕೇಳುವವನು ಯಾರು, ಏನು ಕೇಳಿದ ಎಂಬ ಲೆಕ್ಕ ಎಲ್ಲೂ ದಾಖಲಾಗುವುದಿಲ್ಲ.

ವ್ಯಾಟಿಕನ್ ರೇಡಿಯೋ ಹುಟ್ಟಿದ್ದೂ ಈ ಬಲದ ಮೇಲೆಯೇ. ಮಾರ್ಕೋನಿ ಸ್ವತಃ ನಿಂತು ಕಟ್ಟಿಸಿದ ಕೇಂದ್ರವನ್ನು 1931ರ ಫೆಬ್ರವರಿ 12ರಂದು ಪೋಪ್ ಹನ್ನೊಂದನೆಯ ಪಿಯುಸ್ ಉದ್ಘಾಟಿಸಿದರು. ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಗಳು ಮತ್ತು ಕಾಣೆಯಾದವರ ಬಗ್ಗೆ ಲಕ್ಷಾಂತರ ಸಂದೇಶಗಳು ಅಲ್ಲಿಂದ ಬಿತ್ತರವಾದವು. 2012ರ ಜುಲೈನಲ್ಲಿ ಯುರೋಪ್ ಮತ್ತು ಅಮೆರಿಕ ಖಂಡದ ಬಹುಭಾಗಕ್ಕೆ ಅದರ ಶಾರ್ಟ್‌ವೇವ್ ನಿಂತಿತು. ಫಿಲಿಪ್ಪೀನ್ಸ್‌ನ ರೇಡಿಯೋ ವೆರಿತಾಸ್ ಏಷ್ಯಾ 2018ರ ಜೂನ್ ಕೊನೆಗೆ ಶಾರ್ಟ್‌ವೇವ್‌ಗೆ ವಿದಾಯ ಹೇಳಿ ಅಂತರ್ಜಾಲಕ್ಕೆ ಬಂತು.

ನಮ್ಮ ಕರಾವಳಿಗೂ ಈ ತರಂಗಗಳಿಗೂ ಹಳೆಯ ನಂಟು. ರೇಡಿಯೋ ಸಿಲೋನಿನ ಹಾಡು, 1952ರಲ್ಲಿ ಆರಂಭವಾದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ, ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಿದ್ದ ರೇಡಿಯೋ ಲೈಸೆನ್ಸ್ ಪುಸ್ತಕ, ಇವೆಲ್ಲ ಹಿರಿಯರಿಗೆ ನೆನಪಿರುತ್ತವೆ. ಅಷ್ಟಾಗಿ ಮಾತಿಗೆ ಬಾರದ್ದು ಆಕಾಶವಾಣಿಯ ವಿದೇಶ ಸೇವೆ. ಗಲ್ಫ್ ಕಡೆಗೆ ದಿನವೂ ಬೆಳಿಗ್ಗೆ ಮುಕ್ಕಾಲು ಗಂಟೆಯ ಕನ್ನಡ ಕಾರ್ಯಕ್ರಮ ಶಾರ್ಟ್‌ವೇವ್‌ನಲ್ಲಿ ಹೋಗುತ್ತಿತ್ತು. ಊರಿಗೆ ಫೋನ್ ಮಾಡುವುದು ದುಬಾರಿಯಾಗಿದ್ದ ಕಾಲದಲ್ಲಿ ಗಲ್ಫಿನ ಕೋಣೆಯಲ್ಲಿ ಕನ್ನಡ ಕೇಳುವುದೆಂದರೆ ಸಣ್ಣ ಸಂಗತಿಯಾಗಿರಲಿಲ್ಲ.

ಹಾಗೆಂದು ಶಾರ್ಟ್‌ವೇವ್‌ಗೆ ಕುಂದೇ ಇಲ್ಲವೆನ್ನಲಾಗದು. ಧ್ವನಿ ಏರಿಳಿಯುತ್ತದೆ, ಸೂರ್ಯನಲ್ಲಿ ಸ್ಫೋಟವಾದರೆ ಕೆಲ ಹೊತ್ತು ಮಾಯವಾಗುವುದೂ ಉಂಟು. ನೂರಾರು ಕಿಲೋವ್ಯಾಟ್‌ನ ಪ್ರೇಷಕಕ್ಕೆ ಬರುವ ವಿದ್ಯುತ್ ಬಿಲ್ಲು ಯಾವ ಸಂಸ್ಥೆಯನ್ನಾದರೂ ಯೋಚನೆಗೆ ಹಚ್ಚುತ್ತದೆ. ಹಣ ಕೊಡುವ ಸರಕಾರದ ಮನಸ್ಸು ಬದಲಾದರೂ ಕಥೆ ಮುಗಿಯಿತು. 2025ರ ಮಾರ್ಚ್‌ನಲ್ಲಿ ವಾಯ್ಸ್ ಆಫ್ ಅಮೆರಿಕ ಒಂದೇ ದಿನದಲ್ಲಿ ಮೌನವಾದದ್ದು ಹಾಗೆ. ಒಮ್ಮೆ ಗೋಪುರ ಕೆಡವಿ ಜಾಗ ಮಾರಿದ ಮೇಲೆ ನಾಳೆ ಬೇಕೆಂದರೂ ಅದು ಮರಳಿ ಬರುವುದಿಲ್ಲ ಎಂಬುದೇ ಇಲ್ಲಿನ ಆತಂಕ.

ಇನ್ನು ಹವ್ಯಾಸಿಗಳ ಲೋಕವೇ ಬೇರೆ. ದೂರದ ಕೇಂದ್ರವನ್ನು ಹಿಡಿದು, ಸಮಯ, ತರಂಗಾಂತರ, ಧ್ವನಿಯ ಗುಣ ಬರೆದು ವರದಿ ಕಳಿಸಿದರೆ ಕೇಂದ್ರದವರು ಕ್ಯೂಎಸ್‌ಎಲ್ ಎಂಬ ಚಿತ್ರದ ಕಾರ್ಡ್ ಕಳುಹಿಸುತ್ತಾರೆ. ಅದನ್ನು ಕೂಡಿಡುವ ಹುಚ್ಚು ಅಂಚೆಚೀಟಿಯವರ ಹುಚ್ಚಿಗಿಂತ ಕಡಿಮೆಯದಲ್ಲ. ತಮಾಷೆಯೆಂದರೆ ಇವರಿಗೆ ಅಂತರ್ಜಾಲವೇ ಈಗ ಗೆಳೆಯ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಶಾರ್ಟ್‌ವೇವ್ ರೇಡಿಯೋವನ್ನು ಇಲ್ಲಿ ಕುಳಿತೇ ಕಂಪ್ಯೂಟರಿನಲ್ಲಿ ತಿರುಗಿಸಿ ಕೇಳಬಹುದು.

ಮನೆಯಲ್ಲಿ ಹಳೆಯ ಸೆಟ್ ಇದ್ದವರು ಒಮ್ಮೆ ಪ್ರಯತ್ನಿಸಿ ನೋಡಬಹುದು. ಕತ್ತಲಾದ ಮೇಲೆ 49, 41, 31 ಮೀಟರ್, ಹಗಲಿನಲ್ಲಿ 19, 16 ಮೀಟರ್ ಪಟ್ಟಿಗಳು ಅನುಕೂಲ. ಚೀನಾ, ಬಿಬಿಸಿ ಇಂಗ್ಲಿಷ್, ರುಮೇನಿಯಾ ಮುಂತಾದವು ಈಗಲೂ ಇವೆ. ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳೇ ಇಂದು ದೊಡ್ಡ ಶತ್ರು, ಅವನ್ನು ಆರಿಸಿ ಅಥವಾ ಅಂಗಳಕ್ಕೆ ಬನ್ನಿ. ಏರಿಯಲ್‌ಗೆ ಏಳೆಂಟು ಮೀಟರ್ ತಂತಿ ಸಿಕ್ಕಿಸಿ ತೆಂಗಿನ ಮರಕ್ಕೆ ಕಟ್ಟಿದರೆ ಆಗುವ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಆದರೆ ಗುಡುಗು ಸಿಡಿಲಿನ ಲಕ್ಷಣ ಕಂಡರೆ ಆ ತಂತಿಯನ್ನು ಮೊದಲೇ ಬಿಡಿಸಿ ಹೊರಗೆ ಹಾಕಿಬಿಡಿ.